ಗಾರೆಯವರು ನುಂಗಿದ ದಿನಗಳು ನನ್ನ ಲೆಕ್ಕಕ್ಕೆ

ತುಮಕೂರಿನ ಕ್ಯಾತ್ಸಂದ್ರದ ಕಡೆ ಮನೆ ಕಟ್ಟಿಸುತ್ತಿರುವವರೊಬ್ಬರು ಇಂದು ಬೆಳಗ್ಗೆ ಹೊಸ ವೇಳಾಪಟ್ಟಿಯೊಂದನ್ನು ವೈರಿಂಗ್ ಗುತ್ತಿಗೆದಾರನಾದ ನನ್ನ ಕೈಗಿತ್ತರು. ಆಷಾಢ ಹಿಡಿಯುವುದರೊಳಗೆ ಗೃಹಪ್ರವೇಶ ಆಗಲೇಬೇಕಂತೆ. ಗಾರೆ ಮೇಸ್ತ್ರಿ ಮರಳು ಸಿಗಲಿಲ್ಲವೆಂದು ತಡಮಾಡಿದ್ದು, ಬಡಗಿ ಊರಿಗೆ ಹೋಗಿ ಕುಳಿತದ್ದು, ಮನೆಯವರೇ ಅಡುಗೆಮನೆಯ ಗೋಡೆ ಒಡೆಸಿ ಮತ್ತೆ ಕಟ್ಟಿಸಿದ್ದು, ಇವೆಲ್ಲ ಆದ ಮೇಲೂ ಮುಹೂರ್ತ ಮಾತ್ರ ಒಂದು ದಿನವೂ ಸರಿದಿಲ್ಲ. ಅವರೆಲ್ಲ ನುಂಗಿದ ದಿನಗಳನ್ನು ನನ್ನ ಪಾಲಿನಿಂದ ಕಳೆದು ಲೆಕ್ಕ ಸರಿಮಾಡಲಾಗಿದೆ. ಕೊನೆಯಲ್ಲಿ ಬರುವವನು ಕರೆಂಟಿನವನು, ಆದ್ದರಿಂದ ಎಲ್ಲರ ಸಾಲವನ್ನೂ ಅವನೇ ತೀರಿಸಬೇಕು.

ಹಾಗೆ ಕಳೆದ ದಿನಗಳಲ್ಲಿ ಬಹುಪಾಲು ನನ್ನವೇ ಅಲ್ಲ, ಗೋಡೆಯವು. ಪ್ಲಾಸ್ಟರಿಂಗಿಗೆ ಒಂದು ವಾರ ನೀರುಣಿಸಬೇಕು, ಆಮೇಲೆ ಅದು ಆರಬೇಕು. ಹಸಿ ಗೋಡೆಯ ಪೈಪು, ಸ್ವಿಚ್ ಬಾಕ್ಸುಗಳಲ್ಲಿ ತೇವ ನಿಂತಿರುವಾಗಲೇ ವೈರ್ ಎಳೆದು ಸ್ವಿಚ್ಚು ಕೂರಿಸಿದರೆ, ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದಾಗ ಕನಿಷ್ಠ 1 ಮೆಗಾಓಮ್ ಇರಬೇಕಾದ ಇನ್ಸುಲೇಷನ್ ನಿರೋಧ ಎಷ್ಟೋ ಕಡೆ ಸಿಗುವುದಿಲ್ಲ. ಕರೆಂಟ್ ಕೊಟ್ಟ ಕೂಡಲೇ ಭೂಮಿಗೆ ಸೋರಿಕೆ ಶುರುವಾಗಿ, ಅದು ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚು, ಅಂದರೆ ಆರ್‌ಸಿಸಿಬಿ, ಬೀಳುತ್ತದೆ. ಅದು ಜೀವ ಉಳಿಸಲೆಂದೇ ಬೀಳುವ ಸಾಧನ. ಆದರೆ ಹೋಮಕ್ಕೆ ಕುಳಿತ ಮನೆಯಲ್ಲಿ ದೀಪ ಆರಿದರೆ ನನಗೆ ಬರುವ ಫೋನಿನಲ್ಲಿ ಕೇಳಿಸುವುದು ಒಂದೇ ಮಾತು: ‘ಅದನ್ನು ತೆಗೆದುಹಾಕಿ ನೇರ ಕೊಟ್ಟುಬಿಡಿ ಸ್ವಾಮಿ.’ ಕಾಮಗಾರಿ ಮುಗಿದ ವರದಿಗೆ ಸಹಿ ಹಾಕುವವನು ನಾನು, ಪುರೋಹಿತರಲ್ಲ.

ಇಷ್ಟು ಹೇಳಿದರೆ ‘ಇನ್ನೂ ನಾಲ್ಕು ಹುಡುಗರನ್ನು ಹಾಕಿ’ ಎನ್ನುತ್ತಾರೆ. ಗೋಡೆ ಕೊರೆಯುವ ಹಂತದಲ್ಲಿ ಈ ಸಲಹೆಗೆ ಸ್ವಲ್ಪ ಬೆಲೆಯಿದೆ, ಒಪ್ಪುತ್ತೇನೆ. ಆದರೆ ಒಂದು ಪೈಪಿನಲ್ಲಿ ವೈರ್ ಎಳೆಯಲು ಈ ತುದಿಗೊಬ್ಬ, ಆ ತುದಿಗೊಬ್ಬ ಸಾಕು. ಮನೆಯ ವೈರುಗಳೆಲ್ಲ ಬಂದು ಸೇರುವ ಡಿಬಿ ಪೆಟ್ಟಿಗೆಯ ಮುಂದೆ ನಿಲ್ಲಲು ಒಬ್ಬನಿಗಷ್ಟೇ ಜಾಗ. ಒಂಬತ್ತು ಹೆಂಗಸರು ಸೇರಿದರೆ ಒಂದೇ ತಿಂಗಳಿಗೆ ಹೆರಿಗೆಯಾಗುತ್ತದೆಯೇ? ಮೇಲಾಗಿ ಅವಸರಕ್ಕೆ ಸಿಗುವ ಹುಡುಗರು ಕೈ ಪಳಗಿದವರಲ್ಲ. ಬೆಂಡಿನಲ್ಲಿ ವೈರ್ ಸಿಕ್ಕಿಕೊಂಡರೆ ಜಗ್ಗುತ್ತಾರೆ, ಮೇಲಿನ ಪಿವಿಸಿ ಸುಲಿದುಹೋಗುತ್ತದೆ. ಉದ್ದ ಸಾಲದಿದ್ದರೆ ಪೈಪಿನೊಳಗೇ ಗಂಟು ಹಾಕಿ ಟೇಪು ಸುತ್ತಿ ತಳ್ಳಿಬಿಡುತ್ತಾರೆ. ನ್ಯೂಟ್ರಲಿನ ಸ್ಕ್ರೂ ಅರ್ಧ ತಿರುವು ಸಡಿಲ ಉಳಿದರೂ ಬಲ್ಬು ಉರಿಯುತ್ತದೆ, ಮನೆಯವರು ಪಾಯಸ ಬಡಿಸುತ್ತಾರೆ. ಗೀಸರುಗಳೆಲ್ಲ ಒಟ್ಟಿಗೆ ಓಡುವ ಚಳಿಗಾಲದ ಒಂದು ಬೆಳಗ್ಗೆ ಆ ತುದಿ ಕಾದು ಕಪ್ಪಾಗಿರುತ್ತದೆ. ಸೊಟ್ಟ ಹಾಸಿದ ಟೈಲ್ಸ್ ಎಲ್ಲರ ಕಣ್ಣಿಗೂ ಬೀಳುವುದರಿಂದ ಅದನ್ನು ಹಾಸುವವನಿಗೆ ಸಮಯ ಸಿಗುತ್ತದೆ; ನನ್ನ ಕೆಲಸ ಗೋಡೆಯೊಳಗೆ ಹೂತುಹೋಗುವುದರಿಂದ ನನ್ನ ಸಮಯಕ್ಕೆ ಕತ್ತರಿ ಬೀಳುತ್ತದೆ.

ಹಾಗಾದರೆ ‘ಆಗುವುದಿಲ್ಲ’ ಎಂದು ಏಕೆ ಹೇಳುವುದಿಲ್ಲ ಎಂದು ನನ್ನ ಹೆಂಡತಿಯೂ ಕೇಳುತ್ತಾಳೆ. ಮೋಲ್ಡಿನ ಹಂತದ ಪೈಪಿನ ಕೆಲಸದ ಬಾಕಿಯೇ ಇನ್ನೂ ಅವರ ಬಳಿಯಿದೆ. ಜಗಳವಾಡಿ ಹೊರಬಂದರೆ ಅದಕ್ಕೆ ಎಳ್ಳುನೀರು. ಹುಡುಗರಿಗೆ ಶನಿವಾರ ಬಟವಾಡೆ ಮಾಡಲೇಬೇಕು. ಈ ಸಿಟ್ಟಿನಲ್ಲಿ ಅರ್ಧ ಪಾಲು ಆ ಅಸಹಾಯಕತೆಯದೇ.

ವಸಂತನರಸಾಪುರದ ಕಾರ್ಖಾನೆಗಳಲ್ಲಿಯೂ ಅವಸರಕ್ಕೇನೂ ಕೊರತೆಯಿಲ್ಲ. ಆದರೆ ಅಲ್ಲಿನ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಸ್ಥಾವರವನ್ನು ವಿದ್ಯುತ್ ಪರಿವೀಕ್ಷಕರು ಒಪ್ಪುವ ತನಕ ಚಾಲೂ ಮಾಡುವಂತಿಲ್ಲ, ಹಾಗಾಗಿ ಮಾಲೀಕರು ಹಲ್ಲುಕಚ್ಚಿಕೊಂಡಾದರೂ ಕಾಯುತ್ತಾರೆ. ಸರ್ಕಾರಿ ಮೊಹರಿಗೆ ಸಿಗುವ ತಾಳ್ಮೆ ಹಸಿ ಗೋಡೆಗೆ ಸಿಗುವುದಿಲ್ಲ.

ಇನ್ನು ಮುಂದೆ ನನ್ನ ದರಪಟ್ಟಿಯಲ್ಲಿ ಎರಡು ಷರತ್ತುಗಳಿರುತ್ತವೆ. ಆರಿದ ಗೋಡೆಯನ್ನು ಕೋಣೆವಾರು ನನಗೆ ಒಪ್ಪಿಸಿದ ತಾರೀಖಿನಿಂದ ನನ್ನ ದಿನಗಳ ಎಣಿಕೆ ಶುರುವಾಗುತ್ತದೆ. ಮೋಲ್ಡಿನ ಹಿಂದಿನ ದಿನ ಗುರುತು ಹಾಕಿ ಸಹಿ ಮಾಡಿದ ಪಾಯಿಂಟುಗಳು ಆಮೇಲೆ ಜಾಗ ಬದಲಿಸಿದರೆ ದಿನವೂ ಹೆಚ್ಚು, ಹಣವೂ ಹೆಚ್ಚು. ಒಪ್ಪದವರಿಗೆ ತುಮಕೂರಿನಲ್ಲಿ ಬೇರೆ ಗುತ್ತಿಗೆದಾರರು ಬೇಕಾದಷ್ಟು ಇದ್ದಾರೆ, ಬೇಕಿದ್ದರೆ ನಂಬರನ್ನೂ ನಾನೇ ಕೊಡುತ್ತೇನೆ.