ಮೊದಲು ಶುಗರ್ ಬರಲಿ, ಆಮೇಲೆ ಸೂಜಿ

ನ್ಯೂಯಾರ್ಕ್‌ನ 6ನೇ ನಂಬರ್ ರೈಲಿನಲ್ಲಿ ಮೊನ್ನೆ ನನ್ನ ಎದುರಿಗೆ ಎರಡು ಜಾಹೀರಾತುಗಳಿದ್ದವು. ಒಂದು ವಕೀಲರದ್ದು, ಸ್ಪ್ಯಾನಿಷ್‌ನಲ್ಲಿ. ಕೆಲಸದ ಜಾಗದಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಿರಾ? ಫೋನ್ ಮಾಡಿ. ಇನ್ನೊಂದು ತೂಕ ಇಳಿಸುವ, ಶುಗರ್‌ಗೂ ಕೊಡುವ ಸೂಜಿಯದ್ದು, ಇಂಗ್ಲಿಷ್‌ನಲ್ಲಿ. ಬೀಳುವವರು ಯಾರು, ಇಳಿಸಿಕೊಳ್ಳುವವರು ಯಾರು ಅಂತ ಭಾಷೆಯಲ್ಲೇ ಭಾಗ ಮಾಡಿಟ್ಟಿದ್ದಾರೆ. ಅಚ್ಚುಕಟ್ಟು ಅಂದರೆ ಇದು.

ಈ ರೈಲು ಮ್ಯಾನ್‌ಹ್ಯಾಟನ್‌ನ ಶ್ರೀಮಂತರ ಬಡಾವಣೆ ಅಪ್ಪರ್ ಈಸ್ಟ್ ಸೈಡ್ ದಾಟಿ, ನದಿಯ ಕೆಳಗೆ ನುಸುಳಿ, ಬಡವರೇ ಜಾಸ್ತಿ ಇರುವ ನಮ್ಮ ಬ್ರಾಂಕ್ಸ್‌ಗೆ ಬರುತ್ತದೆ. 77ನೇ ಬೀದಿಯಲ್ಲಿ ಹತ್ತಿದವರು ಅರ್ಧ ಗಂಟೆಯೊಳಗೆ ಹಂಟ್ಸ್ ಪಾಯಿಂಟ್‌ನಲ್ಲಿ ಇಳಿಯಬಹುದು. ಇಡೀ ನಗರದಲ್ಲಿ ಈ ಸೂಜಿಯನ್ನು ಜಾಸ್ತಿ ಚುಚ್ಚಿಸಿಕೊಳ್ಳುವವರು ಅಪ್ಪರ್ ಈಸ್ಟ್ ಸೈಡಿನವರು ಎಂದು ಕೆಲವು ವರ್ಷದ ಹಿಂದೆ ಲೆಕ್ಕ ಹಾಕಿದ್ದರು. ಬೊಜ್ಜು, ಶುಗರ್ ಎರಡೂ ಕಡಿಮೆ ಇರುವ ಜಾಗ ಅದು. ಎರಡೂ ಜಾಸ್ತಿ ಇರುವುದು ನಮ್ಮ ಕಡೆ. ಛತ್ರಿಯನ್ನೆಲ್ಲ ಬಯಲುಸೀಮೆಗೆ ಕಳಿಸಿ ಆಗುಂಬೆಯವರಿಗೆ ಜಾಹೀರಾತು ತೋರಿಸಿದ ಹಾಗೆ.

ಸೂಜಿ ಮಾರುವ ರೋ ಎಂಬ ಕಂಪನಿಯ ದೊಡ್ಡ ಮುಖ ಈಗ ಟೆನಿಸ್‌ನ ಸೆರೆನಾ ವಿಲಿಯಮ್ಸ್. 23 ಗ್ರ್ಯಾಂಡ್ ಸ್ಲಾಂ ಗೆದ್ದವರಿಗೇ ಬರೀ ವ್ಯಾಯಾಮದಿಂದ ಆಗಲಿಲ್ಲ ಎಂದ ಮೇಲೆ ನಮ್ಮ ನಿಮ್ಮ ಮಾತೇನು? ಅವರ ಯಜಮಾನರು ಆ ಕಂಪನಿಗೆ ದುಡ್ಡು ಹಾಕಿದ್ದಾರೆ, ಆಡಳಿತ ಮಂಡಳಿಯಲ್ಲೂ ಕೂತಿದ್ದಾರೆ. ಅದು ಬಿಡಿ, ಅವರ ಮನೆ ವಿಚಾರ.

2025ರ ನವೆಂಬರ್‌ನಲ್ಲಿ ಟ್ರಂಪ್ ಸಾಹೇಬರು ಇದರ ಬೆಲೆ ಇಳಿಸಿದ್ದು ನಿಮಗೂ ಗೊತ್ತು. ಅವರಿಗೆ ಒಬ್ಬ ಶ್ರೀಮಂತ ಗೆಳೆಯ ಇದ್ದಾನಂತೆ, ಸಿಕ್ಕಾಪಟ್ಟೆ ದಪ್ಪವಂತೆ. 'ದಪ್ಪಗಿರೋರ ಸೂಜಿ'ಗೆ ನ್ಯೂಯಾರ್ಕ್‌ನಲ್ಲಿ 1,300 ಡಾಲರ್, ಲಂಡನ್ನಿನಲ್ಲಿ ಬರೀ 88 ಡಾಲರ್ ಎಂದು ಫೋನ್ ಮಾಡಿ ಗೋಳಾಡಿದನಂತೆ. ಈ ಕತೆಯನ್ನು ಅಧ್ಯಕ್ಷರು ಎಷ್ಟು ಸಲ ಹೇಳಿದ್ದಾರೆಂದರೆ, ಹರಿಕಥೆಯ ನಡುವಿನ ಉಪಕಥೆಯ ಹಾಗೆ ಜನರಿಗೆ ಬಾಯಿಪಾಠ ಆಗಿದೆ. ದಕ್ಷಿಣ ಬ್ರಾಂಕ್ಸ್‌ನವರು ಇಷ್ಟು ವರ್ಷ ಸುಮ್ನೆ ಅರ್ಜಿ ಬರೆದು ಸಾಯುತ್ತಿದ್ದರು. ಒಬ್ಬ ದಪ್ಪಗಿನ ಶ್ರೀಮಂತನಿಂದ ಫೋನ್ ಮಾಡಿಸಿದ್ದರೆ ಆಗುತ್ತಿತ್ತು.

ಆ ಘೋಷಣೆ ನಡೆಯುತ್ತಿದ್ದಾಗಲೇ ಓವಲ್ ಆಫೀಸಿನಲ್ಲಿ ಅತಿಥಿಯೊಬ್ಬರು ತಲೆ ಸುತ್ತಿ ಬಿದ್ದರು. ಬೆಲೆ ಕೇಳಿಯೇ ಬಿದ್ದರು ಎಂದು ನಾನು ಹೇಳುವುದಿಲ್ಲ. ಅವರು ಚೇತರಿಸಿಕೊಂಡರು, ಅದು ಸಂತೋಷ.

ಇಳಿದ ಬೆಲೆ ಎಷ್ಟು? ವಿಮೆ ಇಲ್ಲದೆ ಕೈಯಿಂದ ಕೊಡುವವರಿಗೆ ಆಗ ಹೇಳಿದ್ದು ತಿಂಗಳಿಗೆ ಸುಮಾರು 350 ಡಾಲರ್. ಮೊದಲ ಡೋಸಿಗೆ ಕಡಿಮೆ, ಆಮೇಲೆ ಮೇಲಕ್ಕೆ. ಇಲ್ಲಿ 2026ರ ಕನಿಷ್ಠ ಕೂಲಿ ಗಂಟೆಗೆ 17 ಡಾಲರ್. ಅಂದರೆ ತಿಂಗಳಿಗೆ 20 ಗಂಟೆಗೂ ಜಾಸ್ತಿ ದುಡಿಮೆ ಸೂಜಿಗೇ ಹೋಯಿತು. ಒಂದು ತಿಂಗಳು, ಎರಡು ತಿಂಗಳು ಅಲ್ಲ. ನಿಲ್ಲಿಸಿದರೆ ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ವಾಪಸ್ ಬರುತ್ತದೆ ಎಂದು ಔಷಧಿ ತಯಾರಿಸುವ ಕಂಪನಿಯದ್ದೇ ಪ್ರಯೋಗ ಹೇಳುತ್ತದೆ. ಬಾಡಿಗೆ ಮನೆ ಇದ್ದ ಹಾಗೆ. ಕೊಡುವವರೆಗೆ ನಿಮ್ಮದು.

ಈಗ ನಮ್ಮ ಎದುರು ಮನೆಯ ದೋನ್ಯಾ ವಿಚಾರಕ್ಕೆ ಬರುತ್ತೇನೆ. ದೋನ್ಯಾ ಅಂದರೆ ಸ್ಪ್ಯಾನಿಷ್‌ನಲ್ಲಿ 'ಅಮ್ಮಾವ್ರು' ಅನ್ನೋ ಥರ. ಕೆರಿಬಿಯನ್ ದ್ವೀಪದ ಡೊಮಿನಿಕನ್ ಹೆಂಗಸು, ವಯಸ್ಸು 58, ಮಂಡಿ ನೋವು. ಅಪ್ಪರ್ ಈಸ್ಟ್ ಸೈಡಿನಲ್ಲಿ ವಯಸ್ಸಾದ ಒಬ್ಬರನ್ನು ನೋಡಿಕೊಳ್ಳುವ ಕೆಲಸ. ಸ್ನಾನ, ಊಟ, ಔಷಧಿ ಎಲ್ಲ ಇವರದ್ದೇ. ಆ ಅಜ್ಜಿಯ ಮಗಳು ಈ ಸೂಜಿ ತೆಗೆದುಕೊಳ್ಳುತ್ತಾಳೆ. ತಿಂಗಳಿಗೊಮ್ಮೆ ಔಷಧಿ ಅಂಗಡಿಯಿಂದ ಅದನ್ನು ತರುವವರು ನಮ್ಮ ದೋನ್ಯಾ.

"ಮಿಹೋ, ಅದನ್ನು ಮಗು ಥರ ಹಿಡ್ಕೊಂಡು ಬರಬೇಕು. ಬಿಸಿ ತಾಗಬಾರದು" ಎಂದು ಕೈಯಲ್ಲೇ ತೋರಿಸಿದರು. ಮಿಹೋ ಅಂದರೆ ಮಗನೇ. ನನಗೆ 46, ಆದರೂ ಮಗನೇ. "ಫ್ರಿಜ್ಜಿನಲ್ಲಿ ಬೆಣ್ಣೆ ಪಕ್ಕ ಇಡ್ತೀನಿ. ಆ ಬೆಣ್ಣೆ ಯಾರೂ ತಿನ್ನಲ್ಲ."

ದೋನ್ಯಾಗೂ ಡಾಕ್ಟರು ಸೂಜಿ ಬರೆದುಕೊಡಲು ತಯಾರಿದ್ದರು. ಆದರೆ ಅವರದ್ದು ಮೆಡಿಕೈಡ್, ಬಡವರ ಸರ್ಕಾರಿ ವಿಮೆ. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಶುಗರ್ ಇದ್ದವರಿಗೆ ಈ ಔಷಧಿ ಕೊಡುತ್ತದೆ, ಬರೀ ತೂಕ ಇಳಿಸಲು ಅಂದರೆ ಕೊಡುವುದಿಲ್ಲ. ಶುಗರ್ ಇದೆ ಅನ್ನಿಸಿಕೊಳ್ಳಲು ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 6.5 ಬರಬೇಕು. ದೋನ್ಯಾಗೆ ಬಂದಿದ್ದು 6.3. ಪಾಯಿಂಟ್ ಎರಡರಲ್ಲಿ ಫೇಲು! ನಮ್ಮ ಎಸ್ಸೆಸ್ಸೆಲ್ಸಿಯಲ್ಲಾದರೆ ಗ್ರೇಸ್ ಮಾರ್ಕ್ಸ್ ಹಾಕಿ ದಾಟಿಸಿಬಿಡುತ್ತಿದ್ದರು. ಇಲ್ಲಿ ಆ ದಾಕ್ಷಿಣ್ಯವೂ ಇಲ್ಲ. ಚೆನ್ನಾಗಿ ಓದಿ, ಅಂದರೆ ಚೆನ್ನಾಗಿ ತಿಂದು, ಮತ್ತೆ ಪರೀಕ್ಷೆಗೆ ಕೂರಬೇಕು.

ಈ ನಿಯಮ ಎಲ್ಲಿಂದ ಬಂತು ಎಂದು ಹುಡುಕಿದೆ. 1990ರ ಒಂದು ಕೇಂದ್ರ ಕಾನೂನಿನಲ್ಲಿ, ಮೆಡಿಕೈಡ್ ಬೇಕಾದರೆ ಕೈಬಿಡಬಹುದಾದ ಔಷಧಿಗಳ ಪಟ್ಟಿ ಇದೆ. ಅದರಲ್ಲಿ ತೂಕ ಇಳಿಸುವ ಔಷಧಿ ಇದೆ. ಅದೇ ಪಟ್ಟಿಯಲ್ಲಿ ಕೂದಲು ಬೆಳೆಸುವ ಔಷಧಿಯೂ ಇದೆ. 2003ರಲ್ಲಿ ಹಿರಿಯರ ಮೆಡಿಕೇರ್‌ಗೆ ಔಷಧಿ ಸೇರಿಸಿದಾಗ ಈ ಪಟ್ಟಿಯನ್ನೇ ಎತ್ತಿ ಅಲ್ಲೂ ಅಂಟಿಸಿದರು. ಬೊಜ್ಜು ಒಂದು ಕಾಯಿಲೆ ಎಂದು ಇಲ್ಲಿನ ವೈದ್ಯರ ಸಂಘ 2013ರಲ್ಲೇ ಹೇಳಿದೆ. ಪಟ್ಟಿಗೆ ಇನ್ನೂ ಗೊತ್ತಾಗಿಲ್ಲ. ದೋನ್ಯಾ ಮಂಡಿಯೂ ನನ್ನ ಬೋಳು ತಲೆಯೂ ಸರ್ಕಾರದ ಕಣ್ಣಿಗೆ ಒಂದೇ, ಎರಡೂ ಶೋಕಿ.

ಕ್ಯಾಲಿಫೋರ್ನಿಯಾ ಉದಾರವಾಗಿತ್ತು, ತೂಕಕ್ಕೂ ಕೊಡುತ್ತಿತ್ತು. ಅಲ್ಲಿನ ಮೆಡಿಕೈಡ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನ ಲ್ಯಾಟಿನೋಗಳು, ಅಂದರೆ ದೋನ್ಯಾ ಥರ ಲ್ಯಾಟಿನ್ ಅಮೆರಿಕ ಮೂಲದವರು. 2026ರ ಜನವರಿ 1ಕ್ಕೆ ಅಲ್ಲೂ ನಿಲ್ಲಿಸಿದರು. ಹೊಸ ವರ್ಷದ ಶುಭಾಶಯಗಳು.

ಇಷ್ಟೆಲ್ಲ ಆದರೂ ನ್ಯೂಯಾರ್ಕ್ ನಗರಕ್ಕೆ ಕರುಳಿಲ್ಲ ಅನ್ನಬೇಡಿ. ದಪ್ಪ ಇದ್ದಾರೆ ಎಂದು ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡಬಾರದು ಎಂದು 2023ರಲ್ಲಿ ಕಾನೂನೇ ಮಾಡಿದೆ. ಒಳ್ಳೆಯ ಕಾನೂನು. ದೋನ್ಯಾ ಈಗ ಯಾವ ಅವಮಾನವೂ ಇಲ್ಲದೆ ಐದನೇ ಮಹಡಿಯ ಮೆಟ್ಟಿಲು ಹತ್ತಬಹುದು. ಲಿಫ್ಟ್ ಕೆಟ್ಟಿದೆ.

ಇನ್ನೊಂದು ಕತೆ ಹೇಳಲೇಬೇಕು, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಪರವಾಗಿಲ್ಲ. ಅಮೆರಿಕ-ಮೆಕ್ಸಿಕೋ ಗಡಿಯ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. ಗಾತ್ರದಲ್ಲಿ ಹಲ್ಲಿಗಿಂತ ಉಡಕ್ಕೆ ಹತ್ತಿರ. ವರ್ಷಕ್ಕೆ ಕೆಲವೇ ಸಲ ಉಂಡು ಆರಾಮಾಗಿ ಬಿದ್ದಿರುತ್ತದೆ. ಅದರ ವಿಷದಲ್ಲಿ ಒಂದು ಹೊಸ ವಸ್ತು ಇದೆ ಎಂದು 1992ರಲ್ಲಿ ಜಾನ್ ಎಂಗ್ ಎಂಬ ಡಾಕ್ಟರು ಬರೆದರು. ಶುಗರ್ ಹತೋಟಿಗೆ ತರುವ ವಸ್ತು ಅದು. 2005ರಲ್ಲಿ ಅದೇ ಔಷಧಿಯಾಗಿ ಅಂಗಡಿಗೆ ಬಂತು. ಇವತ್ತಿನ ಸೂಜಿಗಳ ವಂಶದಲ್ಲಿ ಅದೇ ಹಿರಿಯಣ್ಣ. ಅಂದಹಾಗೆ ಆ ಡಾಕ್ಟರು ಕೆಲಸ ಮಾಡುತ್ತಿದ್ದದ್ದು ಎಲ್ಲಿ? ಬ್ರಾಂಕ್ಸ್‌ನಲ್ಲಿ! ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ.

ಪೇಟೆಂಟ್ ಮಾಡಿಸೋಣವೇ ಎಂದು ಅವರು ಇಲಾಖೆಯನ್ನು ಕೇಳಿದರು. ಇದು ಸೈನಿಕರಿಗೇ ಮೀಸಲಾದ ಕಾಯಿಲೆ ಅಲ್ಲವಲ್ಲ, ನಮಗೆ ಬೇಡ ಎಂದಿತು ಇಲಾಖೆ. ಪಾಪ, ಅವರು ಕೈಯಿಂದ ದುಡ್ಡು ಹಾಕಿ ಮಾಡಿಸಿದರು. ಗಡಿ ದಾಟಿದ ಮೆಕ್ಸಿಕೋದವರನ್ನು ಓಡಿಸಲು ಇವತ್ತು ಒಂದು ಸೈನ್ಯವೇ ಇದೆ. ಅದೇ ಗಡಿಯ ಹಲ್ಲಿಯ ಜೊಲ್ಲಿಗೆ ಮಾತ್ರ ರತ್ನಗಂಬಳಿ. ಮದ್ದಿನ ಮೂಲ ಸಿಕ್ಕಿದ್ದು ಬ್ರಾಂಕ್ಸ್‌ನಲ್ಲಿ, ಮದ್ದು ಸಿಗುವುದು ಮ್ಯಾನ್‌ಹ್ಯಾಟನ್‌ನಲ್ಲಿ.

ಇದೊಂದೇ ಅಲ್ಲ, ತರಕಾರಿಯದ್ದೂ ಇದೇ ಹಾಡು. ಹಂಟ್ಸ್ ಪಾಯಿಂಟ್‌ನಲ್ಲಿ 1967ರಿಂದ ಹಣ್ಣು ತರಕಾರಿಯ ಸಗಟು ಮಾರುಕಟ್ಟೆ ಇದೆ, ದೇಶದಲ್ಲೇ ದೊಡ್ಡದು. ನಮ್ಮ ಯಶವಂತಪುರದ ಮಂಡಿಯನ್ನು ನೆನಪಿಸಿಕೊಳ್ಳಿ. ರಾತ್ರಿಯೆಲ್ಲ ಲಾರಿಗಳು. ನಗರದ ದೊಡ್ಡ ದೊಡ್ಡ ಹೋಟೆಲ್ಲುಗಳ ಸೊಪ್ಪು, ಸ್ಟ್ರಾಬೆರಿ, ಅವಕಾಡೊ ಎಲ್ಲ ನಮ್ಮ ಕಿಟಕಿಯ ಕೆಳಗೇ ಹಾದುಹೋಗುತ್ತವೆ. ಸೊಪ್ಪು ಸೇತುವೆ ದಾಟುತ್ತದೆ, ಹೊಗೆ ಇಲ್ಲೇ ಉಳಿಯುತ್ತದೆ. ಪಕ್ಕದ ಮಾಟ್ ಹೇವನ್‌ಗೆ 'ಆಸ್ತಮಾ ಓಣಿ' ಎಂದೇ ಅಡ್ಡ ಹೆಸರು. ನಮ್ಮ ಬೀದಿಯ ಬೊಡೆಗಾದಲ್ಲಿ, ಅಂದರೆ ಮೂಲೆ ಅಂಗಡಿಯಲ್ಲಿ, ಸಿಗುವುದು ಮೂರು ಬಾಳೆಹಣ್ಣು, ನಾಲ್ಕು ಈರುಳ್ಳಿ, ಗೋಡೆ ತುಂಬ ಚಿಪ್ಸ್. ಚಿಪ್ಸ್ ಮೇಲೆ ಬೆಕ್ಕು ಮಲಗಿರುತ್ತದೆ. ಆ ಬೆಕ್ಕೂ ದಪ್ಪವಾಗಿದೆ.

ಆರೋಗ್ಯದಲ್ಲಿ ರಾಜ್ಯದ 62 ಜಿಲ್ಲೆಗಳಲ್ಲಿ ಬ್ರಾಂಕ್ಸ್‌ಗೆ ವರ್ಷಗಟ್ಟಲೆ 62ನೇ ಸ್ಥಾನ ಇತ್ತು. ನಾಯಕರು ಕೂತು ಯೋಚಿಸಿ ಒಂದು ಆಂದೋಲನ ಶುರು ಮಾಡಿದರು. ಹೆಸರು 'ನಾಟ್ 62'. ಅಷ್ಟೇ. 61 ಬಂದರೂ ಸಿಹಿ ಹಂಚುತ್ತಿದ್ದರೋ ಏನೋ.

ಸಿಹಿ ಅಂದಾಗ ನೆನಪಾಯಿತು. 2012ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಹೆಚ್ಚುಕಡಿಮೆ ಅರ್ಧ ಲೀಟರಿಗಿಂತ ದೊಡ್ಡ ಸೋಡಾ ಲೋಟಗಳನ್ನು ನಿಷೇಧಿಸಲು ಹೊರಟಿದ್ದರು. ಸೋಡಾ ಅಂದರೆ ಇಲ್ಲಿ ಕೋಲಾ ಥರದ ಸಿಹಿ ಪಾನೀಯ. ನಿಯಮವೇ ಒಂದು ಹಾಸ್ಯ. ಹೋಟೆಲ್ಲಿಗೆ ನಿಷೇಧ, 7-ಇಲೆವೆನ್ ಅಂಗಡಿಗೆ ಇಲ್ಲ. ಕೋಲಾಗೆ ನಿಷೇಧ, ಮಿಲ್ಕ್‌ಶೇಕ್‌ಗೆ ಇಲ್ಲ. ಜಾರಿಯಾಗುವ ಹಿಂದಿನ ದಿನ ಕೋರ್ಟ್ ತಡೆಯಿತು, 2014ರಲ್ಲಿ ಪೂರ್ತಿ ಸತ್ತಿತು. ಆ ಕೇಸಿನಲ್ಲಿ ಸೋಡಾ ಕಂಪನಿಗಳ ಜೊತೆ ಭುಜಕ್ಕೆ ಭುಜ ಕೊಟ್ಟು ನಿಂತವರು ಯಾರು ಗೊತ್ತಾ? ಹಿಸ್ಪಾನಿಕ್ ಫೆಡರೇಶನ್, ಲ್ಯಾಟಿನೋಗಳದ್ದೇ ಸಂಘಟನೆ. ಸಣ್ಣ ಅಂಗಡಿಯವರಿಗೆ ನಷ್ಟ ಆಗುತ್ತದೆ ಎಂದು ಮರುಗಿದರು. ಅದರ ಹಿಂದಿನ ಅಧ್ಯಕ್ಷರು ಆಗ ತಾನೇ ಕೋಕಾ-ಕೋಲಾ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದರು. ಕಾಕತಾಳೀಯ. ಕಾಗೆ ಕೂತಿತು, ಕೋಲಾ ಬಿತ್ತು.

ನಮ್ಮವರು ಇದನ್ನೆಲ್ಲ ಓದಿ, ಅವರ ಊಟವೇ ಹಾಗೆ ಬಿಡಿ, ಎಣ್ಣೆ ಜಾಸ್ತಿ ಅನ್ನುತ್ತಾರೆ. ನಮ್ಮ ಬಾಯಲ್ಲಿ ಈ ಮಾತು! ದೋನ್ಯಾ ಭಾನುವಾರ ಮಾಡುವುದು 'ಮೊರೊ ದೆ ಗ್ವಾಂದೂಲೆಸ್'. ಹೆಸರು ಕೇಳಿ ಹೆದರಬೇಡಿ. ಗ್ವಾಂದೂಲೆಸ್ ಅಂದರೆ ತೊಗರಿಕಾಳು. ಅನ್ನಕ್ಕೆ ತೊಗರಿಕಾಳು, ತೆಂಗಿನಹಾಲು, ಅಷ್ಟೇ. ನಮ್ಮ ದೇಶದ ಕಾಳು ಆಫ್ರಿಕಾ ಸುತ್ತಿ, ಗುಲಾಮರ ಹಡಗುಗಳ ಕಾಲದಲ್ಲಿ ಕೆರಿಬಿಯನ್ ಸೇರಿ, ಕಡೆಗೆ ಬ್ರಾಂಕ್ಸ್‌ನ ಐದನೇ ಮಹಡಿಗೆ ಬಂದಿದೆ. ಕಲಬುರಗಿಯವರು ತಿಂದರೆ ಕಣ್ಣಲ್ಲಿ ನೀರು ಬರುತ್ತದೆ. ಅವರೂ ನಮ್ಮ ಹಾಗೇ, ಬಾಗಿಲು ತೆಗೆದ ಕೂಡಲೇ ಊಟ ಆಯ್ತಾ ಅಂತಾರೆ. ಪ್ರೀತಿ ಬಂದರೆ ಗಂಡನನ್ನು 'ಗೋರ್ದೋ' ಅಂತಾರೆ, ಅಂದರೆ ಡುಮ್ಮ. ನಮ್ಮಲ್ಲಿ ಗುಂಡ, ಗುಂಡಮ್ಮ ಇಲ್ವಾ? ಈಗ ಆ ಗೋರ್ದೋ ಎಂಬ ಮುದ್ದು ಮಾತಿಗೂ ಒಂದು ಡೋಸ್ ಬಂದಿದೆ.

ಬೆಂಗಳೂರಿನವರು ನಗಬೇಡಿ. ಅಣ್ಣನ ಮಗ ಫೋನ್ ಮಾಡಿ, "ಚಿಕ್ಕಪ್ಪ, ಮದುವೆಗೆ ಮುಂಚೆ ಹತ್ತು ಕೆಜಿ ಇಳಿಸಬೇಕು, ಮೌಂಜಾರೊ ಸೂಜಿ ಹೇಗೆ?" ಅಂತಾನೆ. ಅಲ್ಲಿ 2025ರ ಮಾರ್ಚ್‌ನಲ್ಲಿ ಅದು ಬಂದಾಗ ಮೊದಲ ಡೋಸಿನ ಬಾಟಲಿ, ಒಂದು ವಾರದ್ದು, 3,500 ರೂಪಾಯಿ. ಇಲ್ಲಿ ಆಗ ಅದೇ ಕಂಪನಿಯ ಅದೇ ಔಷಧಿಗೆ ತಿಂಗಳಿಗೆ ಸಾವಿರ ಡಾಲರ್ ಮೇಲೆ ಪಟ್ಟಿ ಬೆಲೆ ಇತ್ತು. ಇಂಥದ್ದೇ ಇನ್ನೊಂದು ಸೂಜಿ ಔಷಧಿ ಸೆಮಾಗ್ಲುಟೈಡ್. ಅದರ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಅಮೆರಿಕದಲ್ಲಿ ಇನ್ನೂ ವರ್ಷಗಟ್ಟಲೆ ಇದೆ. ಹುಡುಗನಿಗೆ ಡಾಕ್ಟರನ್ನು ಕೇಳು ಅಂದೆ. ಛತ್ರದವರನ್ನು ಕೇಳಿ ಆಯ್ತು, ಡಾಕ್ಟರು ಇನ್ನೂ ಇಲ್ಲ ಅಂದ.

ನಮ್ಮ ಬಿಲ್ಡಿಂಗ್ ಮುಂದೆ ವಾರಕ್ಕೆ ಮೂರು ದಿನ ಬೆಳಗಿನ ಜಾವ ಐದಕ್ಕೆ ಒಂದು ವ್ಯಾನ್ ಬರುತ್ತದೆ. ಡಯಾಲಿಸಿಸ್ ವ್ಯಾನ್. ಎರಡನೇ ಮಹಡಿಯವರೊಬ್ಬರು ಇಳಿದು ಬರುತ್ತಾರೆ. ಬಲಗಾಲಿನಲ್ಲಿ ಬೆರಳುಗಳಿಲ್ಲ, ಅದಕ್ಕೇ ಬೇರೆ ಥರದ ಶೂ. ಒಂದೊಂದೇ ಮೆಟ್ಟಿಲು. ಬೆರಳು ಕತ್ತರಿಸಿದ್ದಕ್ಕೆ ವಿಮೆ ದುಡ್ಡು ಕೊಟ್ಟಿದೆ. ಶೂಗೆ ಕೊಟ್ಟಿದೆ. ವ್ಯಾನಿಗೆ ಕೊಡುತ್ತದೆ. ಸಾಯುವವರೆಗೆ ಡಯಾಲಿಸಿಸ್‌ಗೂ ಕೊಡುತ್ತದೆ. ಶುಗರ್ ಬರುವ ಮುಂಚೆ ಏನಾದರೂ ಕೊಡಿ ಅಂದರೆ ಪಟ್ಟಿ ತೆಗೆಯುತ್ತಾರೆ. ಇದರಲ್ಲಿ ತಮಾಷೆ ಎಲ್ಲಿದೆ ಎಂದು ಹುಡುಕಿ ಹುಡುಕಿ ಸಾಕಾಗಿದೆ ನನಗೆ. ಕಾಯಿಲೆ ಬರಲಿ ಎಂದು ಕಾಯುವ ಈ ವ್ಯವಸ್ಥೆಗೆ ಬೈಯಲು ನನ್ನಲ್ಲಿ ಒಳ್ಳೆಯ ಮಾತಿಲ್ಲ, ಕೆಟ್ಟ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ನಿನ್ನೆ ಸಂಜೆ ದೋನ್ಯಾ ಬಾಗಿಲು ತಟ್ಟಿದರು. ಕೈಯಲ್ಲಿ ಹಳೆಯ ಐಸ್‌ಕ್ರೀಂ ಡಬ್ಬಿ, ಒಳಗೆ 'ಹಬಿಚುಯೆಲಾಸ್ ಕೋನ್ ದುಲ್ಸೆ'. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಮಾಡುವ ಕಾಳಿನ ಪಾಯಸ. ರಾಜ್ಮಾದಂಥ ಕೆಂಪು ಕಾಳನ್ನು ಬೇಯಿಸಿ ರುಬ್ಬಿ, ತೆಂಗಿನಹಾಲು, ಹಾಲು, ಗೆಣಸು, ಒಣದ್ರಾಕ್ಷಿ, ದಾಲ್ಚಿನ್ನಿ, ಕೈ ತುಂಬ ಸಕ್ಕರೆ. ಮೇಲೆ ಪುಟ್ಟ ಪುಟ್ಟ ಬಿಸ್ಕತ್ತು. ದೊಡ್ಡ ಪಾತ್ರೆಯಲ್ಲಿ ಮಾಡಿ ಬಿಲ್ಡಿಂಗ್‌ಗೆಲ್ಲ ಹಂಚುತ್ತಾರೆ.

"ನೀವು ತಿನ್ನಬಹುದಾ ದೋನ್ಯಾ?" ಎಂದೆ.

"ಮುಂದಿನ ಟೆಸ್ಟು ಏಪ್ರಿಲ್‌ಗೆ, ಮಿಹೋ. ಇನ್ನು 0.2 ತಾನೇ ಬೇಕಿರೋದು" ಅಂದರು. ಮೆಟ್ಟಿಲ ಸರಳು ಹಿಡಿದುಕೊಂಡು ನಕ್ಕರು. ಆಮೇಲೆ ಡಬ್ಬಿ ತೊಳೆದು ವಾಪಸ್ ಕೊಡಲು ಹೇಳಿ, ಮುಂದಿನ ಮನೆ ಬಾಗಿಲು ತಟ್ಟಿದರು.