ಸೆಂಟ್ರಲ್ ಲೈನ್ ಇರುವ ಮಗುವಿಗೆ ಜ್ವರವೇ? ಮೊದಲ ಡೋಸ್ ಮಡಿಕೇರಿಯಲ್ಲೇ ಬೀಳಲಿ

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಮಕ್ಕಳಿಗೆ ಮೈ ಬಿಸಿಯಾದರೆ ಪ್ಯಾರಾಸಿಟಮಾಲ್ ಕುಡಿಸಿ ಬೆಳಗಿನವರೆಗೆ ನೋಡೋಣ ಅನ್ನುವುದು ನಮ್ಮಲ್ಲಿ ರೂಢಿ. ಕೀಮೋಗೋ ಕರುಳಿನ ಕಾಯಿಲೆಗೋ ಸೆಂಟ್ರಲ್ ಲೈನ್, ಅಂದರೆ ಔಷಧ ಕೊಡಲು ರಕ್ತನಾಳದೊಳಗೆ ಇಳಿಸಿಟ್ಟ ತೆಳು ಕೊಳವೆ, ಹಾಕಿರುವ ಮಗುವಿನ ವಿಷಯದಲ್ಲಿ ಇದು ನಡೆಯುವುದಿಲ್ಲ. ಲೈನಿನ ತುದಿ ಹೃದಯದ ಪಕ್ಕದ ದೊಡ್ಡ ರಕ್ತನಾಳದಲ್ಲಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಹೊಕ್ಕರೆ ಸೀದಾ ರಕ್ತಕ್ಕೇ. 38 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 100.4 ಬಂತೆಂದರೆ ತುರ್ತು. ಲೈನಿಗೆ ಸಲೈನ್ ಹಾಕಿದ ಸ್ವಲ್ಪ ಹೊತ್ತಿಗೆ ಗಡಗಡ ನಡುಕ ಬಂದರೆ ಜ್ವರ ಏರಲಿ ಎಂದೂ ಕಾಯಬೇಡಿ. ಲೈನ್ ಬಳಸುವುದನ್ನು ನಿಲ್ಲಿಸಿ ಹೊರಡಿ.

ಎಲ್ಲಿಗೆ? ಎಡವುವುದು ಇಲ್ಲೇ. ಲೈನ್ ಹಾಕಿದ್ದು ಮೈಸೂರಿನಲ್ಲೋ ಮಂಗಳೂರಿನಲ್ಲೋ ಅಂತ ಕಾರನ್ನು ಅತ್ತಲೇ ತಿರುಗಿಸುತ್ತಾರೆ. ಮೈಸೂರು ಸುಮಾರು 120 ಕಿ.ಮೀ. ಮಂಗಳೂರು ದಾರಿಯ ಸಂಪಾಜೆ ಘಾಟಿಯನ್ನು ಮಳೆಗಾಲದಲ್ಲಿ ನಂಬುವಂತಿಲ್ಲ, 2018ರ ಆಗಸ್ಟಿನ ಭೂಕುಸಿತವನ್ನು ಯಾರೂ ಮರೆತಿಲ್ಲ. ಆಸ್ಪತ್ರೆಗೆ ಕಾಲಿಟ್ಟ ಒಂದು ಗಂಟೆಯೊಳಗೆ ಮೊದಲ ಆಂಟಿಬಯಾಟಿಕ್ ಕೊಡಬೇಕೆನ್ನುವುದು ಗುರಿ. ಅದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸಬೇಕು. ಬರೀ ರೆಫರ್ ಚೀಟಿ ಬರೆದು ಕಳಿಸುವುದು ಚಿಕಿತ್ಸೆಯಲ್ಲ.

ಔಷಧಕ್ಕೂ ಮುಂಚೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಯಾವ ರೋಗಾಣು ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆ. ಲೈನಿನಿಂದ ಒಂದು ಬಾಟಲಿ, ಕೈಯ ನರದಿಂದ ಇನ್ನೊಂದು. ಒಂದೇ ಹೊತ್ತಿಗೆ, ಸಮ ಪ್ರಮಾಣದ ರಕ್ತ. ಲೈನಿನ ಬಾಟಲಿ ಎರಡು ಗಂಟೆಯಾದರೂ ಮುಂಚೆ ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನೇ ಎಂದು ಬಲವಾಗಿ ಶಂಕಿಸಬಹುದು. ಒಂದರಲ್ಲಿ ರಕ್ತ ಕಮ್ಮಿಯಾದರೆ ಈ ಲೆಕ್ಕವೇ ಕೆಡುತ್ತದೆ. ಕೈಯಲ್ಲಿ ನರ ಸಿಗದಿದ್ದರೆ ಚುಚ್ಚುತ್ತಾ ಕೂರಬೇಡಿ, ಲೈನಿನದ್ದಷ್ಟೇ ತೆಗೆದು ಔಷಧ ಶುರುವಾಗಲಿ. ಕಲ್ಚರ್ ಯಂತ್ರ ಇಲ್ಲದ ಕಡೆ ಎಲ್ಲಿಂದ, ಎಷ್ಟು ಗಂಟೆಗೆ ತೆಗೆದದ್ದು ಅಂತ ಲೇಬಲ್ ಬರೆದು ಬಾಟಲಿಯನ್ನು ಮಗುವಿನ ಜೊತೆಗೇ ಕಳಿಸಬಹುದು. ಫ್ರಿಜ್ಜಿಗೆ ಮಾತ್ರ ಇಡಬಾರದು.

ಲೈನ್ ತೆಗೆಯಬೇಕೇ ಅನ್ನುವುದು ಕಲ್ಚರ್‌ನಲ್ಲಿ ಏನು ಬೆಳೆಯಿತು ಅನ್ನುವುದರ ಮೇಲೆ. ಕ್ಯಾಂಡಿಡಾ ಎಂಬ ಶಿಲೀಂಧ್ರ, ಸ್ಟ್ಯಾಫಿಲೋಕಾಕಸ್ ಆರಿಯಸ್, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಆದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಇವು ಲೈನಿನ ಒಳಗೋಡೆಗೆ ಲೋಳೆ ಪದರ ಕಟ್ಟಿಕೊಂಡು ಕೂತರೆ ಔಷಧ ಒಳಗೆ ಇಳಿಯುವುದಿಲ್ಲ. ಆರಿಯಸ್ ಅಲ್ಲದ, ಚರ್ಮದ ಮೇಲಿನ ಸಾಧಾರಣ ಸ್ಟ್ಯಾಫಿಲೋಕಾಕಸ್ ಆದರೆ, ಮಗು ಸ್ಥಿರವಾಗಿದ್ದರೆ, ಲೈನ್ ಉಳಿಸಿಕೊಂಡೇ ಪ್ರಯತ್ನಿಸಬಹುದು.

ಇನ್ನು ಮನೆಯ ಕಡೆ. ಕೈ ತೊಳೆದು, 70 ಪರ್ಸೆಂಟ್ ಆಲ್ಕೋಹಾಲ್ ಸ್ವಾಬ್‌ನಿಂದ ಲೈನಿನ ಹಬ್ ಅನ್ನು (ಸಿರಿಂಜ್ ಸೇರಿಸುವ ಹೊರತುದಿಯನ್ನು) 15 ಸೆಕೆಂಡ್ ತಿಕ್ಕಿ, ತಾನಾಗಿ ಒಣಗಲು ಬಿಡಿ. ಬಾಯಿಂದ ಊದಿ ಒಣಗಿಸುವವರಿದ್ದಾರೆ, ಒರೆಸಿದ್ದೆಲ್ಲ ದಂಡ! ಫ್ಲಶ್‌ಗೆ, ಅಂದರೆ ಸಲೈನ್ ಹಾಯಿಸಿ ಲೈನ್ ತೊಳೆಯಲು, 10 ಎಂ.ಎಲ್. ಸಿರಿಂಜೇ ಇರಲಿ, ಸಣ್ಣದರಲ್ಲಿ ಒತ್ತಡ ಹೆಚ್ಚಾಗಿ ಲೈನ್ ಒಡೆಯಬಹುದು. ಲೈನ್ ಚರ್ಮದೊಳಗೆ ಹೋಗುವ ಕಡೆ ಅಂಟಿಸುವ ಪಾರದರ್ಶಕ ಡ್ರೆಸಿಂಗ್‌ ಅನ್ನು ಏಳು ದಿನಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ, ಆದರೆ ನಮ್ಮ ತೇವಕ್ಕೆ ಅಂಚು ಮೊದಲೇ ಏಳುತ್ತದೆ. ಎದ್ದ ದಿನವೇ ಬದಲಿಸಿ. ಮೇಲೊಂದು ಟೇಪ್ ಅಂಟಿಸಿದರೆ ನೀರು ಒಳಗೇ ಉಳಿಯುತ್ತದೆ.