ಎಕ್ಸ್‌ಟ್ರಾ ಚಟ್ನಿಯ ಹಕ್ಕುದಾರರು

ಬೆಂಗಳೂರಿನ ನಾಗರಿಕನಿಗೆ ತನ್ನ ಹಕ್ಕುಗಳ ಬಗ್ಗೆ ಎಚ್ಚರವೇ ಇಲ್ಲವೆಂದು ದೂರುವವರು ಬೆಳಗಿನ ಎಂಟೂವರೆಯ ಹೊತ್ತಿಗೆ ಯಾವುದಾದರೊಂದು ದರ್ಶಿನಿಯ ಕೌಂಟರಿನ ಪಕ್ಕದಲ್ಲಿ ನಿಂತು ನೋಡಬೇಕು. ಮನೆಯ ಮುಂದಿನ ಗುಂಡಿಯನ್ನು ಎರಡು ಮಳೆಗಾಲ ಸಹಿಸಿಕೊಂಡವನು, ಕಾವೇರಿ ನೀರು ಬಾರದ ದಿನ ಟ್ಯಾಂಕರಿನವನು ಕೇಳಿದಷ್ಟು ಹಣವನ್ನು ಎರಡು ಮಾತಿಲ್ಲದೆ ಎಣಿಸಿಕೊಟ್ಟವನು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ಎಫ್‌ಎಂ ಕೇಳುತ್ತ ಸಮಾಧಾನದಿಂದ ಕುಳಿತವನು, ಇಲ್ಲಿ ಮಸಾಲೆ ದೋಸೆ ನಾಲ್ಕು ನಿಮಿಷ ತಡವಾದರೆ ಕೂಪನನ್ನು ತಲೆಯ ಮೇಲೆತ್ತಿ ಹಿಡಿದು ನ್ಯಾಯ ಕೇಳುತ್ತಾನೆ. ಇದರಲ್ಲಿ ಅವನ ತಪ್ಪೂ ಇಲ್ಲವೆನ್ನಿ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಹೊಸಬರನ್ನು ಆರಿಸುವ ಚುನಾವಣೆಯೇ ವರ್ಷಗಟ್ಟಲೆ ನಡೆಯದ ಈ ನಗರದಲ್ಲಿ, ಎದುರಿಗೆ ನಿಲ್ಲಿಸಿಕೊಂಡು ಬೈಯಲು ಸಿಗುವ ಸಾರ್ವಜನಿಕ ಸೇವಕನೆಂದರೆ ಸಾಂಬಾರಿನ ಸೌಟು ಹಿಡಿದ ಹುಡುಗನೊಬ್ಬನೇ.

ದರ್ಶಿನಿ ಎಂಬ ಈ ವ್ಯವಸ್ಥೆಗೆ ನಲವತ್ತು ದಾಟಿದೆ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ತೆರೆದ ಹೋಟೆಲಿನಿಂದ ಅದು ಊರಿಗೆಲ್ಲ ಹಬ್ಬಿತು. ಕುರ್ಚಿಗಳನ್ನು ತೆಗೆದು, ಮೇಜನ್ನು ಎದೆಮಟ್ಟಕ್ಕೆ ಏರಿಸಿ, ಸಪ್ಲೈಯರನ ಕೆಲಸವನ್ನು ಗ್ರಾಹಕನಿಗೇ ವಹಿಸಿ, ಹಾಗೆ ಉಳಿದ ಖರ್ಚನ್ನು ತಿಂಡಿಯ ಬೆಲೆಯಲ್ಲಿ ಇಳಿಸಿದ ಆ ಜಾಣತನವನ್ನು ಮೆಚ್ಚಲೇಬೇಕು. 1995ರಲ್ಲಿ ಕೆಎಫ್‌ಸಿ ಬ್ರಿಗೇಡ್ ರಸ್ತೆಗೆ ಬಂದು ಫಾಸ್ಟ್ ಫುಡ್ ಎಂದರೇನೆಂದು ನಮಗೆ ಕಲಿಸಲು ಹೊರಟಾಗ, ನಾವು ನಿಂತು ತಿನ್ನುವುದನ್ನು ಕಲಿತು ಹನ್ನೆರಡು ವರ್ಷವಾಗಿತ್ತು. ತಿನ್ನುವವನು ಹತ್ತು ನಿಮಿಷ ನಿಂತರೆ ಏನೂ ಆಗುವುದಿಲ್ಲ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಬಡಿಸುವವನು ಹತ್ತು ಗಂಟೆ ನಿಂತರೆ ಏನಾಗುತ್ತದೆ ಎಂಬ ಲೆಕ್ಕ ಹಾಕಲು ಆ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ.

ಮೊದಲ ವಿಚಾರಣೆ ನಡೆಯುವುದು ಕ್ಯಾಷಿಯರನ ಮುಂದೆ. ಅವನ ತಲೆಯ ಮೇಲೆ ಗೋಡೆಯುದ್ದದ ಬೋರ್ಡಿದೆ. ಅದರಲ್ಲಿ ತಿಂಡಿಯ ಹೆಸರು, ಬೆಲೆ, ಸಿಗುವ ಸಮಯ ಎಲ್ಲವೂ ಎರಡು ಭಾಷೆಗಳಲ್ಲಿ ಹೊಳೆಯುತ್ತಿರುತ್ತವೆ. ಗ್ರಾಹಕರು ಆ ಬೋರ್ಡನ್ನು ಒಂದು ನಿಮಿಷ ಭಕ್ತಿಯಿಂದ ನೋಡಿ, ಅನಂತರ ಕೆಳಗೆ ಕುಳಿತವನನ್ನು ಕೇಳುತ್ತಾರೆ:

"ತಿಂಡಿ ಏನಿದೆ?"

"ಎಲ್ಲಾ ಇದೆ ಸಾರ್."

"ಎಲ್ಲಾ ಅಂದ್ರೆ?"

"ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಪೂರಿ, ದೋಸೆ…"

"ಇಡ್ಲಿ ಬಿಸಿ ಇದ್ಯಾ?"

ಇಡ್ಲಿ ಆರಿಹೋಗಿದೆ ಸಾರ್ ಎಂದು ಉತ್ತರಿಸಿದ ಕ್ಯಾಷಿಯರ್ ಕರ್ನಾಟಕದಲ್ಲಿ ಇದುವರೆಗೆ ಹುಟ್ಟಿಲ್ಲ. ಇದು ಕೇಳುವವರಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆದರೂ ಪ್ರಶ್ನೆ ಕೇಳಲೇಬೇಕು, ಉತ್ತರ ಬರಲೇಬೇಕು. ಅಷ್ಟಾದ ಮೇಲೆ ಅವರು ಹೊರಗೆ ಕಾರಿನಲ್ಲಿ ಕುಳಿತಿರುವ ಹೆಂಡತಿಗೆ ಫೋನು ಮಾಡಿ, ಬೋರ್ಡಿನಲ್ಲಿರುವುದನ್ನೆಲ್ಲ ಓದಿ ಹೇಳಿ, ಸರತಿಯಲ್ಲಿ ಹಿಂದೆ ನಿಂತವರ ಉಸಿರು ಕುತ್ತಿಗೆಗೆ ತಾಗುವವರೆಗೆ ಚರ್ಚಿಸಿ, ಕೊನೆಗೆ ನಿನ್ನೆ ತೆಗೆದುಕೊಂಡ ಇಡ್ಲಿ ವಡೆಯನ್ನೇ ತೆಗೆದುಕೊಳ್ಳುತ್ತಾರೆ. ಬಿಲ್ಲಿನ ಜೊತೆಗೆ ಚಿಲ್ಲರೆ ಕೇಳಿದ ಕ್ಯಾಷಿಯರನಿಗೆ, ಚಿಲ್ಲರೆ ಇಟ್ಟುಕೊಳ್ಳುವುದು ಅವನ ಧರ್ಮವೇ ಹೊರತು ತಮ್ಮದಲ್ಲವೆಂಬ ಉಪದೇಶ ಸಿಗುತ್ತದೆ.

ಚಿಲ್ಲರೆಯ ಕಾಟ ಯುಪಿಐ ಬಂದ ಮೇಲೆ ತೀರಬೇಕಿತ್ತು. ಅದರ ಬದಲು ಈಗ ಕ್ಯಾಷಿಯರನು ಎರಡು ದನಿಗಳಿಗೆ ಕಿವಿಗೊಡಬೇಕಾಗಿದೆ: ಒಂದು, ಸೌಂಡ್‌ಬಾಕ್ಸಿನ ಹೆಣ್ಣುದನಿ, ಇನ್ನೊಂದು, ಆ ದನಿ ಬರುವ ಮೊದಲೇ ಮೊಬೈಲಿನ ಪರದೆಯನ್ನು ಅವನ ಮೂಗಿಗೆ ಹಿಡಿದು "ಆಯ್ತು ನೋಡಿ" ಎನ್ನುವ ಗ್ರಾಹಕನದು. ಒಂದೇ ಹೊತ್ತಿಗೆ ಮೂವರು ತಲಾ ಎಂಬತ್ತು ರೂಪಾಯಿ ಕಳಿಸಿ, ಪೆಟ್ಟಿಗೆಯಲ್ಲಿ ಎರಡೇ ಸಲ ಎಂಬತ್ತು ಕೇಳಿಬಂದರೆ, ಬಾಕಿ ಉಳಿದವನು ಯಾರೆಂದು ಪತ್ತೆ ಹಚ್ಚುವ ಕೆಲಸ ಅವನದೇ. ಹಚ್ಚಲಾಗದಿದ್ದರೆ ರಾತ್ರಿ ಲೆಕ್ಕದಲ್ಲಿ ಕಡಿಮೆ ಬಿದ್ದ ಎಂಬತ್ತೂ ಅವನದೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೇಕರಿ, ಕಾಂಡಿಮೆಂಟ್ಸ್, ತಿಂಡಿ ಅಂಗಡಿಗಳಲ್ಲಿ ರಾತ್ರೋರಾತ್ರಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡವು. ಇದೆಂಥ ಡಿಜಿಟಲ್ ಇಂಡಿಯಾ ಎಂದು ಗ್ರಾಹಕರು ಗುಡುಗಿದ್ದು ಇಲಾಖೆಯ ಮುಂದಲ್ಲ. ಪಿಯುಸಿ ಬಿಟ್ಟು ಬಂದು ಗಲ್ಲಾದ ಹಿಂದೆ ಕುಳಿತಿದ್ದ ಹುಡುಗರ ಮುಂದೆ. ಅವರು ಹಣಕಾಸು ಸಚಿವರ ಪರವಾಗಿ ತಲೆ ತಗ್ಗಿಸಿ ಕೇಳಿಸಿಕೊಂಡರು.

ಇಲ್ಲಿಂದ ಕೂಪನ್ ಕೌಂಟರಿಗೆ ಹೋಗುತ್ತದೆ, ನಿಜವಾದ ಹೋರಾಟ ಶುರುವಾಗುವುದೂ ಅಲ್ಲಿಯೇ. ಕೌಂಟರಿನ ಹುಡುಗ ಎಡಗೈಯಲ್ಲಿ ಕೂಪನ್ ಪಡೆದು ಕಂಬಿಗೆ ಚುಚ್ಚುತ್ತಾನೆ, ಬಲಗೈಯಲ್ಲಿ ಎರಡು ಇಡ್ಲಿ ಒಂದು ವಡೆಯನ್ನು ತಟ್ಟೆಗೆ ಹಾಕುತ್ತಾನೆ, ಸೌಟು ಸಾಂಬಾರಿನ ಪಾತ್ರೆಯಿಂದ ಏಳುವಷ್ಟರಲ್ಲಿ ಆಜ್ಞೆಗಳು ಬಂದಿಳಿಯುತ್ತವೆ. ಸಾಂಬಾರು ಬೇರೆ ಬೇಕು. ಇಡ್ಲಿಗೆ ಸಾಂಬಾರು ತಾಗಬಾರದು, ವಡೆ ಮಾತ್ರ ಡಿಪ್, ಅದೂ ಪೂರ್ತಿ ಮುಳುಗಬಾರದು. ಚಟ್ನಿ ಜಾಸ್ತಿ. ಅದು ಸಾಲದು, ಇನ್ನೂ ಸ್ವಲ್ಪ. "ಏನಪ್ಪಾ, ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?" ಎಂಬ ಮಾತಿನೊಂದಿಗೆ ಇನ್ನೊಂದು ಸೌಟು. ಈ ಸಂವಾದ ಮುಗಿಯುವಷ್ಟರಲ್ಲಿ ಕೌಂಟರಿನ ಅಂಚಿನ ಮೇಲೆ ಏಳೆಂಟು ಕೈಗಳು ಕೂಪನ್ ಹಿಡಿದು ಚಾಚಿರುತ್ತವೆ; ಮೊದಲು ಬಂದ ಕೈ ಯಾವುದೆಂದು ಹುಡುಗನಿಗೆ ತಿಳಿಯದಿದ್ದರೂ, ತಾನೇ ಮೊದಲು ಬಂದದ್ದೆಂದು ಪ್ರತಿಯೊಂದು ಕೈಗೂ ತಿಳಿದಿರುತ್ತದೆ.

ಚಟ್ನಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ನಗರದ ಸಾರ್ವಜನಿಕ ನೀತಿಶಾಸ್ತ್ರವೆಲ್ಲ ಅದರ ಸುತ್ತಲೇ ಬೆಳೆದಿದೆ. ದರ್ಶಿನಿಯ ಗ್ರಾಹಕನು ಇಡ್ಲಿಗೆ ಹಣ ಕೊಡುತ್ತಾನೆ. ಚಟ್ನಿ ಅವನಿಗೆ ಹುಟ್ಟಿನಿಂದಲೇ ಬಂದಿದೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿ ಮನೆಯ ಅಡುಗೆಯಲ್ಲಿ ಹೋಳು ತೆಂಗನ್ನು ಎರಡು ದಿನಕ್ಕೆ ಹಂಚಿಕೊಂಡ ಗೃಹಸ್ಥರೇ, ಹೋಟೆಲಿನ ಚಟ್ನಿ ಮೊದಲಿಗಿಂತ ನೀರಾಗಿದೆಯೆಂದು ಕೌಂಟರಿನ ಹುಡುಗನನ್ನು ವಿಚಾರಿಸಿದರು. ಅರೆಯುವ ಯಂತ್ರಕ್ಕೆ ಎಷ್ಟು ಕಾಯಿ, ಎಷ್ಟು ಹುರಿಗಡಲೆ ಬೀಳಬೇಕೆಂದು ತೀರ್ಮಾನಿಸುವುದು ಮಾಲೀಕ; ನೀರು ಬೆರೆಸುವುದು ಅಡುಗೆಮನೆ; ಉತ್ತರ ಹೇಳುವುದು ಮಾತ್ರ ಈತ. ಎಕ್ಸ್‌ಟ್ರಾ ಚಟ್ನಿ ಕೊಡಬೇಡವೆಂದು ಒಳಗಿನಿಂದ ಮಾಲೀಕರ ಕಣ್ಣು, ಕೊಡೆಂದು ಹೊರಗಿನಿಂದ ಜನರ ಕಣ್ಣು, ನಡುವೆ ಸೌಟು. ಇಷ್ಟು ಕಾದಾಡಿ ಪಡೆದ ಚಟ್ನಿಯ ಅರ್ಧಭಾಗ ತಟ್ಟೆಯಲ್ಲೇ ಉಳಿದು ಟಬ್ಬಿಗೆ ಸೇರುತ್ತದೆಂಬುದನ್ನು ಕ್ಲೀನರನ್ನು ಕೇಳಿದರೆ ಹೇಳುತ್ತಾನೆ. ಆದರೆ ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ.

ದೋಸೆ ಭಟ್ಟರ ಸಂಕಟ ಬೇರೆ ಬಗೆಯದು. ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ, ಒಂದೇ ಓಟದಲ್ಲಿ ಹತ್ತು ಹನ್ನೆರಡು ದೋಸೆಗಳನ್ನು ಹುಯ್ದು, ಕೆಂಪು ಚಟ್ನಿ ಸವರಿ, ಪಲ್ಯವಿಟ್ಟು, ಮೊದಲನೆಯದು ಹೊತ್ತುವ ಮೊದಲು ಕೊನೆಯದನ್ನು ಮುಟ್ಟಬೇಕಾದ ಆ ಲಯದಲ್ಲಿ ಅವರ ಮುಖಕ್ಕೆ ಬಡಿಯುವ ಝಳ ಬೇಸಿಗೆಯಲ್ಲೂ ಒಂದೇ, ಮಾಗಿಯಲ್ಲೂ ಒಂದೇ. ಆಗ ಆಚೆಯಿಂದ ಒಬ್ಬರು ತಮ್ಮದು ಗರಿಗರಿಯಾಗಿರಲಿ ಎನ್ನುತ್ತಾರೆ, ಇನ್ನೊಬ್ಬರು ಮೆತ್ತಗಿರಲಿ ಎನ್ನುತ್ತಾರೆ, ಮತ್ತೊಬ್ಬರು ಬಲತುದಿಯ ದೋಸೆಯೇ ತಮ್ಮದೆಂದು ಬೆರಳಿನಲ್ಲಿ ಗುರುತಿಸಿ ಅದರ ಮೇಲೆ ಕಣ್ಣಿಟ್ಟು ಕಾಯುತ್ತಾರೆ. ಈಚೆಗೆ ನಾಲ್ಕನೆಯವನೊಬ್ಬ ಸೇರಿದ್ದಾನೆ: ಫುಡ್ ವ್ಲಾಗರ್. ಕಟ್ಟೆಯ ಮೇಲೆ ಮೊಬೈಲು ನಿಲ್ಲಿಸಿ, ಭಟ್ಟರು ತುಪ್ಪ ಸುರಿದು ಮುಗಿಸಿದ ಮೇಲೆ "ಭಟ್ರೇ, ಫೋಕಸ್ ಆಗ್ಲಿಲ್ಲ, ಇನ್ನೊಂದ್ಸಲ ಸುರೀರಿ" ಎನ್ನುತ್ತಾನೆ. ಭಟ್ಟರು ಇನ್ನೊಮ್ಮೆ ಸುರಿಯುತ್ತಾರೆ. ವಿಡಿಯೊ ಲಕ್ಷಾಂತರ ಜನರನ್ನು ತಲುಪಿ, ಮುಂದಿನ ಭಾನುವಾರ ಸರತಿ ರಸ್ತೆ ತಿರುವಿನವರೆಗೆ ಬೆಳೆಯುತ್ತದೆ; ಬಂದವರೆಲ್ಲರೂ ವಿಡಿಯೊದಲ್ಲಿ ಕಂಡಷ್ಟೇ ತುಪ್ಪ ಬೇಕೆನ್ನುತ್ತಾರೆ. ಮಾಲೀಕರು ಇನ್ನೊಂದು ಶಾಖೆಯ ಜಾಗ ನೋಡಲು ಹೋಗುತ್ತಾರೆ. ಭಟ್ಟರ ಪಾಲಿಗೆ ಬರುವುದು ಭಾನುವಾರದ ರಜೆಯ ರದ್ದು.

ಕಾಫಿ ಕೌಂಟರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಟ್ರಾಂಗ್ ಎಂದವರಿಗೂ ಲೈಟ್ ಎಂದವರಿಗೂ ಒಂದೇ ಪಾತ್ರೆಯ ಡಿಕಾಕ್ಷನ್ನಿನಿಂದ ಕೊಟ್ಟು ಇಬ್ಬರನ್ನೂ ತೃಪ್ತಿಪಡಿಸುವವರು ಅಲ್ಲಿದ್ದಾರೆ. ನಂದಿನಿ ಹಾಲಿನ ದರ 2025ರ ಏಪ್ರಿಲ್ 1ರಿಂದ ಲೀಟರಿಗೆ ನಾಲ್ಕು ರೂಪಾಯಿ ಏರಿದ ಬೆಳಿಗ್ಗೆ, ಬೈಟು ಕಾಫಿಯನ್ನು ಮೂರು ಲೋಟಕ್ಕೆ ಹಾಕಿಕೊಡೆಂದು ಕೇಳಿದವರನ್ನೂ ಅವರು ನಗುತ್ತಲೇ ಸುಧಾರಿಸಿದರು.

ಈ ಕೌಂಟರುಗಳ ಹಿಂದೆ ಒಂದು ಕಾಲಕ್ಕೆ ಕುಂದಾಪುರ, ಬೈಂದೂರಿನ ಕಡೆಯ ಹುಡುಗರಿರುತ್ತಿದ್ದರು. ಅವರ ಮಕ್ಕಳು ಓದಿ ಕೌಂಟರಿನ ಈಚೆಗೆ ಬಂದರು, ಚಟ್ನಿ ಕೇಳತೊಡಗಿದರು. ಈಗ ಒಳಗಿರುವವರಲ್ಲಿ ಒಡಿಶಾ, ಅಸ್ಸಾಂ, ಜಾರ್ಖಂಡ್, ನೇಪಾಳದಿಂದ ಬಂದವರು ಬಹಳ. ಹೋಟೆಲಿನ ಮೇಲಿನ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿ, ನಾಲ್ಕೂವರೆಗೆ ಎದ್ದು, ಆರಕ್ಕೆಲ್ಲ ಕೌಂಟರಿಗಿಳಿಯುವ ಈ ಹುಡುಗರು ಬದುಕಿಗೆ ಬೇಕಾದಷ್ಟು ಕನ್ನಡವನ್ನು ಆರು ತಿಂಗಳಲ್ಲಿ ಕಲಿಯುತ್ತಾರೆ. ಗ್ರಾಹಕ ಮಹಾಶಯರು ಮುಖ ನೋಡಿ "ಭಯ್ಯಾ, ಏಕ್ ಪ್ಲೇಟ್ ಇಡ್ಲಿ" ಎನ್ನುತ್ತಾರೆ, ಅವನು "ಎರಡು ನಿಮಿಷ ಸಾರ್, ಬಿಸಿ ಬರ್ತಾ ಇದೆ" ಎನ್ನುತ್ತಾನೆ, ಅವರು ಪಕ್ಕದಲ್ಲಿ ನಿಂತವರ ಕಡೆ ತಿರುಗಿ ಈ ಊರಿನಲ್ಲಿ ಕನ್ನಡ ಉಳಿದಿಲ್ಲವೆಂದು ಇಂಗ್ಲಿಷಿನಲ್ಲಿ ಮರುಗುತ್ತಾರೆ.

ಇನ್ನು ದುಡಿಮೆಯ ಗಂಟೆಗಳ ಮಾತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿ ಯಾರನ್ನೂ ದುಡಿಸುವಂತಿಲ್ಲ; ಅದಕ್ಕೂ ಮೇಲಾದದ್ದು ಓವರ್‌ಟೈಮ್. 2025ರ ಜೂನ್‌ನಲ್ಲಿ ಸರ್ಕಾರವು ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾವ ಮುಂದಿಟ್ಟಾಗ ಐಟಿ ನೌಕರರ ಸಂಘಟನೆ ಬಲವಾಗಿ ವಿರೋಧಿಸಿತು, ಟಿವಿಗಳಲ್ಲಿ ಚರ್ಚೆಗಳಾದವು. ನನಗೆ ಪರಿಚಯದ ದರ್ಶಿನಿಯೊಂದರಲ್ಲಿ ಗೋಡೆಯ ಮೇಲಿನ ಟಿವಿಯಲ್ಲಿ ಆ ಚರ್ಚೆ ನಡೆಯುತ್ತಿತ್ತು, ದೋಸೆ ಮಗುಚುತ್ತಿದ್ದ ಭಟ್ಟರು ಅರೆಬರೆ ಕೇಳಿಸಿಕೊಂಡು, "ಹತ್ತು ಗಂಟೆಗೆ ಇಳಿಸ್ತಾರಂತಲ್ಲ, ಯಾವಾಗಿಂದ ಮಾರಾಯ್ರೇ?" ಎಂದು ಆಸೆಯಿಂದ ವಿಚಾರಿಸಿದರು.

ನಿಂತು ದುಡಿಯುವವರಿಗೆ ಕೂರಲು ಆಸನವಿರಬೇಕೆಂಬುದು ಕೂಡ ಹೊಸ ಮಾತೇನಲ್ಲ. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆಯಂಗಡಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳವು 2018ರಲ್ಲಿ ತನ್ನ ಕಾನೂನಿಗೆ ತಿದ್ದುಪಡಿ ತಂದಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಕರ್ನಾಟಕವು ಕುರ್ಚಿಯ ವಿಷಯದಲ್ಲಿ ಹಿಂದೆ ಬಿದ್ದಿದೆಯೆಂದು ಮಾತ್ರ ಯಾರೂ ಆರೋಪಿಸಬಾರದು. ನಮ್ಮಲ್ಲಿ ಕುರ್ಚಿಯನ್ನು ಕುರಿತು ನಡೆದಷ್ಟು ಚರ್ಚೆ, ದೆಹಲಿಗೆ ಹೋದಷ್ಟು ವಿಮಾನ, ಮಾಡಿದಷ್ಟು ಹೋಮ ಬೇರೆ ಯಾವ ರಾಜ್ಯದಲ್ಲೂ ಇರಲಾರದು. ಅದೆಲ್ಲವೂ ವಿಧಾನಸೌಧದ ಮೂರನೆಯ ಮಹಡಿಯ ಒಂದೇ ಒಂದು ಕುರ್ಚಿಗಾಗಿ ಖರ್ಚಾಗಿಹೋಗುವುದರಿಂದ ಉಳಿದವುಗಳಿಗೆ ಸಮಯ ಸಾಲುತ್ತಿಲ್ಲ, ಅಷ್ಟೆ.

ಮೇಲೆ ಹೇಳಿದ ಆ ದರ್ಶಿನಿಯ ಮಾಲೀಕರು ಒಳ್ಳೆಯ ಮನುಷ್ಯರು. ಹೇಳದೆ ಕೇಳದೆ ತಾವೇ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಕೌಂಟರಿನ ಹಿಂದಿಟ್ಟು, ಹನ್ನೊಂದರಿಂದ ಹನ್ನೆರಡರವರೆಗೆ ಜನ ಕಡಿಮೆಯಿರುವಾಗ ಹುಡುಗರು ಸರದಿಯ ಮೇಲೆ ಕೂರಲೆಂದು ಹೇಳಿದರು. ನಾಲ್ಕು ದಿನ ಎಲ್ಲವೂ ಸುಖವಾಗಿತ್ತು. ಐದನೆಯ ದಿನ ಗೂಗಲ್ಲಿನಲ್ಲಿ ಒಬ್ಬರು ಫೋಟೊ ಸಮೇತ ಬರೆದರು: "ಇಡ್ಲಿ ಚೆನ್ನಾಗಿದೆ, ಕಾಫಿ ತುಂಬಾ ಚೆನ್ನಾಗಿದೆ. ಆದರೆ ಸಿಬ್ಬಂದಿಗೆ ಶಿಸ್ತಿಲ್ಲ, ಗ್ರಾಹಕರು ನಿಂತಿರುವಾಗ ಅವರು ಕುಳಿತಿರುತ್ತಾರೆ. ಎರಡು ಸ್ಟಾರ್." ಇದಕ್ಕೆ ಮೂವತ್ತೊಂದು ಮಂದಿ ಮೆಚ್ಚುಗೆ ಸೂಚಿಸಿದರು. ಮಾಲೀಕರು ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿ, ಆದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ, ಸ್ಟೂಲನ್ನು ಹೊರಗೆ ಹಾಕಿಸಿದ್ದೇವೆ, ಅದರ ಮೇಲೆ ಇನ್ನು ಮುಂದೆ ಗ್ರಾಹಕರು ತಮ್ಮ ಹೆಲ್ಮೆಟ್ ಇಟ್ಟುಕೊಳ್ಳಬಹುದೆಂದು ಉತ್ತರಿಸಿದರು. ವಿಮರ್ಶಕರು ದೊಡ್ಡ ಮನಸ್ಸು ಮಾಡಿ ಎರಡನ್ನು ನಾಲ್ಕಕ್ಕೆ ಏರಿಸಿದರು. ಐದನೆಯ ಸ್ಟಾರನ್ನು, ಒಂದೇ ಸ್ಟೂಲಿನಲ್ಲಿ ಎರಡು ಹೆಲ್ಮೆಟ್ ಹಿಡಿಸುವುದಿಲ್ಲವೆಂಬ ಕಾರಣಕ್ಕೆ, ತಡೆಹಿಡಿದಿದ್ದಾರೆ.